ಒಣಗಲಿಟ್ಟ ಹುಟ್ಟು

"ಬುದ್ಧೀ, ನನ್ನ ಮಗ ಕುಡಿದದ್ದು ಮನೆಯೊಳಗೆ. ಕಿತ್ತುಕೊಂಡದ್ದು ಗಾಡಿ ಓಡಿಸುವ ಲೈಸೆನ್ಸು. ಇದು ಯಾವ ನ್ಯಾಯ?" ಎಂದು ಶಿಷ್ಯನೊಬ್ಬ ಕೇಳಿದ.

ಅವನು ವ್ಯಾಪಾರಿ. ಮಗನಿಗೆ ಹದಿನೇಳು ವರ್ಷ. ಮೊಪೆಡ್ಡಿನ ಲೈಸೆನ್ಸು ಕೈಗೆ ಬಂದು ಮೂರು ತಿಂಗಳಾಗಿತ್ತು.

"ಮನೆಯಲ್ಲಿ ನಿಶ್ಚಿತಾರ್ಥ. ನೆಂಟರ ಜೊತೆ ನಾನೂ ತೆಗೆದುಕೊಂಡಿದ್ದೆ, ಅವನೂ ಒಂದಿಷ್ಟು ತೆಗೆದುಕೊಂಡ. ಬೀದಿಗೆ ಬಂದು ಕೂಗಾಡಿದ, ಪೊಲೀಸರಿಗೆ ಸಿಕ್ಕ. ಗಾಡಿ ಮುಟ್ಟಿರಲಿಲ್ಲ. ರದ್ದು ಮಾಡಿದ ಅಧಿಕಾರಿ ನಿಮ್ಮ ಭಕ್ತರೇ. ನೀವೊಂದು ಮಾತು ಹೇಳಿದರೆ ಸಾಕು."

ಗುರುಗಳು ಹೇಳಿದರು:

ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಆಚೆ ದಡದಿಂದ ಕೂಗು ಬಂದರೆ, ಎಂಥ ಹೊತ್ತಾದರೂ ಹರಿಗೋಲು ಹೊರಡಲೇಬೇಕು. ಅದು ಅಲ್ಲಿಯ ನೇಮ. ಇನ್ನೊಂದು ನೇಮವೂ ಇತ್ತು. ತಪ್ಪಿದ ಅಂಬಿಗನ ಹುಟ್ಟನ್ನು ದಡದ ಬಂಡೆಯ ಮೇಲೆ ಒಣಗಲು ಇಡುತ್ತಿದ್ದರು. ಮಳೆಗಾಲದ ಹೊಸ ನೀರು ಹೊಳೆಗೆ ಬರುವವರೆಗೆ ಅವನು ಅದನ್ನು ಮುಟ್ಟುವಂತಿಲ್ಲ.

ಅಂಬಿಗನ ಮಗ ಮೀಸೆ ಚಿಗುರುವ ಮೊದಲೇ ಹುಟ್ಟು ಹಿಡಿದಿದ್ದ. ಒಂದು ಮಧ್ಯಾಹ್ನ ಅವನು ಹೆಂಡ ಕುಡಿದು ಮರಳಿನಲ್ಲಿ ಬಿದ್ದಿದ್ದ. ಅಂಬಿಗ ಮಗನ ಹುಟ್ಟನ್ನು ಎತ್ತಿ ಬಂಡೆಯ ಮೇಲಿಟ್ಟ. ಹೊಳೆ ದಾಟಲು ಬಂದವರು ನೋಡುತ್ತ ನಿಂತರು.

ಮಗ ಎದ್ದು ಕೂತ. "ನಾನು ಕುಡಿದದ್ದು ದಡದಲ್ಲಿ ಕಣಪ್ಪ. ನೀರಿಗೆ ಕಾಲೂ ಇಟ್ಟಿಲ್ಲ."

"ಆಚೆ ದಡಕ್ಕೆ ದಿನ ತುಂಬಿದ ಬಸುರಿಯನ್ನು ಕರೆತಂದವರು ಓ ಅಂಬಿಗಾ ಅಂತ ಕೂಗುತ್ತಾರೆ. ಇವತ್ತು ಕುಡಿದಿದ್ದೀಯೋ ಇಲ್ಲವೋ ಅಂತ ಕೇಳಿಕೊಂಡು ಕೂಗುತ್ತಾರೇನೋ?"

"ಹೆಂಡದ ಗಡಿಗೆ ನಮ್ಮ ಮನೆಯದೇ. ನಾನು ಇಳಿಸುವಾಗಲೇ ಅರ್ಧ ಖಾಲಿಯಾಗಿತ್ತು. ಆ ಅರ್ಧ ಕುಡಿದವನಿಗೆ ಕೂಗು ಬರುವುದಿಲ್ಲವೇನು?"

"ಕೇಳಪ್ಪೋ, ಮೊಟ್ಟೆ ಕೋಳಿಗೆ ಬುದ್ಧಿ ಹೇಳ್ತಿದೆ!" ಎಂದಳು ಒಬ್ಬ ಮುದುಕಿ. ಜನ ನಕ್ಕರು.

ಅಂಬಿಗನಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದ. ತನ್ನ ಬಾಯಿಯ ವಾಸನೆ ತನಗೇ ಬಡಿಯಿತು. ಹೊಡೆದರೆ ಮಗ ಸುಮ್ಮನಾಗುತ್ತಾನೆ, ಆದರೆ ಬಂಡೆಯ ಮೇಲಿನ ಹುಟ್ಟು ಸುಳ್ಳಾಗುತ್ತದೆ. ಹುಟ್ಟನ್ನು ಮರಳಿ ಕೊಟ್ಟರೆ ಒಂದು ದಿನ ಮಗನನ್ನೇ ಹೊಳೆಗೆ ಕೊಡಬೇಕಾಗುತ್ತದೆ. ಅವನು ಮೂವತ್ತು ವರ್ಷ ಹಿಡಿದು ಸವೆಸಿದ ತನ್ನ ಹುಟ್ಟನ್ನೂ ತಂದು ಮಗನದರ ಪಕ್ಕದಲ್ಲಿಟ್ಟ.

"ಇಬ್ಬರೂ ಹೀಗೆ ಕೂತರೆ ನಮ್ಮನ್ನು ದಾಟಿಸೋರು ಯಾರಯ್ಯಾ?" ಎಂದಳು ಮುದುಕಿ.

ಅಂಬಿಗನ ಹೆಂಡತಿ ಅಟ್ಟದ ಮೇಲಿದ್ದ ಹಳೆಯ ಹುಟ್ಟನ್ನು ಇಳಿಸಿ ತಂದಳು. ಸೆರಗು ಬಿಗಿದು ಹರಿಗೋಲು ಹತ್ತಿದಳು. ಆ ವರ್ಷ ಜನರನ್ನು ದಾಟಿಸಿದವಳು ಅವಳೇ. ಗಂಡ, ಮಗ ಇಬ್ಬರೂ ದಡದಲ್ಲಿ ಮೂಟೆ ಹೊತ್ತರು. ಗಡಿಗೆ ಮತ್ತೆ ಮನೆಗೆ ಬರಲಿಲ್ಲ.

ಹೊಸ ನೀರು ಬಂದ ದಿನ ಮಗ ಬಂಡೆ ಹತ್ತಿ ಎರಡೂ ಹುಟ್ಟುಗಳನ್ನು ತಂದ. ತಂದೆಯದನ್ನು ಮೊದಲು ಅವನ ಕೈಗೆ ಕೊಟ್ಟು, ಆಮೇಲೆ ತನ್ನದನ್ನು ಹಿಡಿದ.

ಕತೆ ಮುಗಿಯಿತು. ಶಿಷ್ಯ ತಲೆದೂಗಿದ.

"ಕತೆ ಚೆನ್ನಾಗಿದೆ ಬುದ್ಧೀ. ಹಾಗಾದರೆ ಅಧಿಕಾರಿಗೆ ಏನು ಹೇಳುತ್ತೀರಿ?"

ಗುರುಗಳು ಗೋಡೆಯ ಗೂಟದ ಕಡೆ ನೋಡಿದರು.

"ನಿನ್ನ ಕಾರಿನ ಕೀಲಿಯನ್ನು ಆ ಗೂಟಕ್ಕೆ ನೇತುಹಾಕಿ ಬಾ, ಆಮೇಲೆ ಹೇಳುತ್ತೇನೆ."