ದಿನೇ ದಿನೇ ಗಿಡ್ಡನಾದ ಮೀಸೆ ದಳವಾಯಿ

ಹತ್ತಿರ ಬನ್ನಿ, ಸುತ್ತ ಕೂತುಕೊಳ್ಳಿ. ಆಕಳಿಸುವವರು ಹಿಂದಕ್ಕೆ ಹೋಗಿ, ನಗುವವರು ಮುಂದಕ್ಕೆ ಬನ್ನಿ. ಈ ಕಥೆಗೆ ನಗುವವರೇ ಬೇಕು.

ಕಣಗಿಲೆಪಟ್ಟಣ ಅಂತ ಒಂದು ರಾಜ್ಯ. ಅದಕ್ಕೊಬ್ಬ ರಾಜ. ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ. ಯಾರು ಮೊದಲು ಬಂದು ಹೇಳುತ್ತಾರೋ ಅವರ ಮಾತೇ ನಿಜ ಅನ್ನುವವನು.

ಒಂದು ಸಲ ಆ ಊರಿಗೆ ಆಟದ ಮೇಳ ಬಂತು. ಆಟದಲ್ಲಿ ಮೀಸೆ ದಳವಾಯಿ ಅಂತ ಒಂದು ವೇಷ. ಹೊಟ್ಟೆ ಮುಂದೆ, ಮೀಸೆ ಅದಕ್ಕಿಂತ ಮುಂದೆ, ಧೈರ್ಯ ಮಾತ್ರ ಎಲ್ಲಕ್ಕಿಂತ ಹಿಂದೆ. ಒಣಗಿದ ಎಲೆ ಸರಕ್ ಅಂದರೆ ಸಾಕು, ಹೆಂಡತಿಯ ಸೆರಗಿನ ಹಿಂದೆ ಅವಿತುಕೊಂಡು ಅಲ್ಲಿಂದಲೇ ಕತ್ತಿ ತೋರಿಸುವನು. "ನಾ ಓಡ್ಲಿಲ್ಲ ಕಣ್ರೋ, ಹಿಂದ್ಗಡೆ ಯುದ್ಧ ಎಂಗ್ ನಡೀತೈತೆ ಅಂತ ನೋಡಕ್ ಹೋಗಿದ್ದೆ" ಅನ್ನುವನು. ಊರಿಗೆ ಊರೇ ಆ ದಳವಾಯಿಗೆ ಮರುಳಾಯಿತು. ಮಕ್ಕಳು ಇದ್ದಿಲಲ್ಲಿ ಮೀಸೆ ಬರೆದುಕೊಂಡು ಬೀದಿಯಲ್ಲಿ ಮೆರೆದರು. ಹೊಲಕ್ಕೆ ಹೋಗದ ಗಂಡಂದಿರು ಅವನ ಮಾತನ್ನೇ ಹೇಳಿ ಜಾರಿಕೊಂಡರು.

ಅದೇ ಊರಲ್ಲಿ ಕೆಂಚವ್ವ ಅಂತ ಬೊಂಬೆ ಮಾಡುವವಳು. ಕೈ ಸಣ್ಣದು, ಬಾಯಿ ದೊಡ್ಡದು. ತನ್ನಂಥ ಬೊಂಬೆಯವಳು ಏಳೂರಲ್ಲಿ ಇಲ್ಲ ಅಂತ ತಾನೇ ಹೇಳಿಕೊಂಡು ತಿರುಗುವಳು. ಏನು ಮಾಡೋದು, ಅದು ನಿಜವೂ ಆಗಿತ್ತು.

ಆಟ ನೋಡಿ ಬಂದ ಮಾರನೆಯ ದಿನ ಅವಳು ಒಂದು ಹಿಡಿ ಜೇಡಿಮಣ್ಣು, ಒಂದು ಬಿದಿರು ಕಡ್ಡಿ ಇಟ್ಟುಕೊಂಡು ಜಗುಲಿಯಲ್ಲಿ ಕೂತಳು. ಹೆಬ್ಬೆರಳಲ್ಲಿ ಒತ್ತಿದಳು, ಹೊಟ್ಟೆ ಬಂತು. ಕಡ್ಡಿಯಲ್ಲಿ ಗೀರಿದಳು, ಮೀಸೆ ಬಂತು. ಹೆದರಿಕೆ ಮಾತ್ರ ಬರಲೊಲ್ಲದು. ಆಗ ಕೆಂಚವ್ವ ತಾನೇ ಕಣ್ಣು ಅಗಲಿಸಿ, ತುಟಿ ನಡುಗಿಸಿ, ಹುಲಿ ಕಂಡವಳ ಹಾಗೆ ಹೆದರಿದಳು. ಹಾಗೇ ಹೆದರಿಕೊಂಡು ತನ್ನ ಮುಖ ತಾನೇ ತಡವಿದಳು. ಎಲ್ಲಿ ಹಳ್ಳ ಬಿದ್ದಿದೆ, ಎಲ್ಲಿ ಗಂಟು ಕಟ್ಟಿದೆ ಅಂತ ಬೆರಳಲ್ಲೇ ತಿಳಿದು, ಅದನ್ನೇ ಮಣ್ಣಿಗೆ ದಾಟಿಸಿದಳು. ಅವಳ ಮುಖವೆಲ್ಲ ಮಣ್ಣು, ಬೊಂಬೆಯ ಮುಖವೆಲ್ಲ ಹೆದರಿಕೆ. ಅಂಗೈ ಉದ್ದದ ದಳವಾಯಿಯನ್ನು ಸುಟ್ಟು, ಬಣ್ಣ ಹಚ್ಚಿ, ಕಿಟಕಿಯಲ್ಲಿ ಒಣಗಲು ಇಟ್ಟಳು. ದಾರಿಯಲ್ಲಿ ಹೋಗುವವರು ನೋಡಿ ನೋಡಿ ನಕ್ಕರು.

ಆ ದಾರಿಯಲ್ಲೇ ಅರಮನೆಯ ಉಗ್ರಾಣ ನೋಡಿಕೊಳ್ಳುವ ಸಂಪಂಗಯ್ಯ ಬಂದ. ಜನರ ನಗು ಕೇಳಿದ, ಬೊಂಬೆ ಕಂಡ, ಹೊಟ್ಟೆ ಉರಿಯಿತು. ಅಕ್ಕಿ ಬೇಳೆ ಅಳೆದು ಕೊಡುವ ತನ್ನನ್ನು ಕಂಡರೆ ಒಬ್ಬರೂ ಹೀಗೆ ನಗುಮುಖ ಮಾಡುವುದಿಲ್ಲವಲ್ಲ ಅನ್ನಿಸಿತು. ಮಹಾರಾಣಿಯವರಿಗೆ ತೋರಿಸಿ ಕೊಡುತ್ತೇನೆ ಅಂತ ಹೇಳಿ ಬೊಂಬೆ ಇಸಿದುಕೊಂಡು ಹೋದ.

ತೋರಿಸಿದನೇ? ಎಲ್ಲಿ ತೋರಿಸಿದ. ಉಗ್ರಾಣದ ಬಾಗಿಲು ಹಾಕಿಕೊಂಡು ಬೊಂಬೆಯ ಹಿಂದೊಂದು ಮುಂದೊಂದು ಹಸಿ ಮಣ್ಣಿನ ಬಿಲ್ಲೆ ಒತ್ತಿ, ಎರಡು ಹೋಳಿನ ಅಚ್ಚು ತೆಗೆದ. ಹಿತ್ತಲಲ್ಲಿ ಅರಮನೆಯ ಹೆಂಚು ಸುಡುವ ಆವಿಗೆ ಇತ್ತು. ಅದರಲ್ಲಿ ಕದ್ದುಮುಚ್ಚಿ ಅಚ್ಚು ಸುಟ್ಟ. ಅಚ್ಚಿಗೆ ಮಣ್ಣು ತುಂಬಿ ತೆಗೆದು ಮತ್ತೆ ಸುಟ್ಟ. ಹೆಂಚಿನವರನ್ನು ಒಂದು ಮಾತು ಕೇಳಿದ್ದರೆ ಅವನಿಗೇ ಒಳ್ಳೆಯದಾಗುತ್ತಿತ್ತು. ಆದರೆ ಕೇಳಿದರೆ ಗುಟ್ಟು ರಟ್ಟಾಗುತ್ತಲ್ಲ, ಕೇಳಲಿಲ್ಲ. ಕೊನೆಗೆ ಕೆಂಚವ್ವನ ಬೊಂಬೆಯನ್ನು ಒರಳಿಗೆ ಹಾಕಿ ಕುಟ್ಟಿ ಪುಡಿ ಮಾಡಿ ಗಾಳಿಗೆ ತೂರಿದ.

ಆಮೇಲೆ ರಾಜನ ಹತ್ತಿರ ಹೋದ, ಎಲ್ಲರಿಗಿಂತ ಮೊದಲು. ಈ ದಳವಾಯಿಯನ್ನು ತಾನೇ ಕೈಯಾರೆ ತಿದ್ದಿದ್ದು, ಕೆಂಚವ್ವ ಅದನ್ನು ನೋಡಿಕೊಂಡು ತನ್ನದು ಅಂತ ಸಾರುತ್ತಿದ್ದಾಳೆ ಅಂದ. ರಾಜ ಅವನ ಹೆಗಲಿಗೆ ಶಾಲು ಹೊದಿಸಿದ. ಕೆಂಚವ್ವನನ್ನು ಕರೆಸಿದ.

ಕೆಂಚವ್ವ ಸಭೆ ಅದುರುವಂತೆ ಕೂಗಾಡಿದಳು. ಈಗಲೇ ಇನ್ನೊಂದು ಮಾಡಿ ತೋರಿಸುತ್ತೇನೆ ಅಂದಳು. ಕಂಡಿದ್ದನ್ನು ನೋಡಿ ಮಾಡುವುದು ಏನು ಮಹಾ ಅಂದ ರಾಜ. ಬೊಂಬೆ ಇರುವುದು ಉಗ್ರಾಣಿಯ ಕೈಯಲ್ಲಿ, ನಿನ್ನ ಕೈ ಬರಿದು ಅಂದ. ಇನ್ನು ಮೇಲೆ ಅವಳು ಮಣ್ಣು ಮುಟ್ಟಬಾರದು. ಮಾರ್ನಾಮಿ ಹಬ್ಬಕ್ಕೆ ಅರಮನೆಯಲ್ಲಿ ಬೊಂಬೆ ಕೂರಿಸುವ ದಿನದೊಳಗೆ ತನ್ನದೇ ಅಂತ ತೋರಿಸಬೇಕು. ಇಲ್ಲದಿದ್ದರೆ ಊರು ಬಿಡಬೇಕು. ಹೀಗೆ ಅಪ್ಪಣೆಯಾಯಿತು.

ಕೆಂಚವ್ವ ಮನೆಗೆ ಬಂದು ಅತ್ತಳು. ಊರು ಬಿಡುವುದಕ್ಕಲ್ಲ, ಮಣ್ಣು ಬಿಡುವುದಕ್ಕೆ ಅತ್ತಳು. ಹಿಟ್ಟಿನ ಮುದ್ದೆ ಕಟ್ಟಲು ಹೋದರೆ ಮುದ್ದೆಗೆ ಮೂಗು ಬರುತ್ತಿತ್ತು. ಗೋಡೆಗೆ ಬೆರಣಿ ತಟ್ಟಿದರೆ ಬೆರಣಿಗೆ ಕಣ್ಣು ಬರುತ್ತಿತ್ತು. ಕೈಗೆ ಕೆಲಸವಿಲ್ಲದೆ ಆ ಹೆಂಗಸು ಒಣಗಿ ಕಡ್ಡಿಯಾದಳು.

ಇತ್ತ ಮಹಾರಾಣಿಗೆ ದಳವಾಯಿ ಬಹಳ ಹಿಡಿಸಿದ. ಅಂಗೈ ಉದ್ದಕ್ಕೆ ಬದಲು ನಡುಬೆರಳಷ್ಟು ಇದ್ದ, ಅದು ಅರಮನೆಯಲ್ಲಿ ಯಾರಿಗೆ ಗೊತ್ತು. ಮಗಳ ಮನೆಗೆ ಕಳಿಸಲು ಇನ್ನೊಂದು ಬೇಕು ಅಂದಳು. ಅಷ್ಟರಲ್ಲಿ ಅಚ್ಚು ಬಿರುಕು ಬಿಟ್ಟಿತ್ತು. ಕೆಂಚವ್ವನ ಬೊಂಬೆ ಪುಡಿಯಾಗಿತ್ತು. ಸಂಪಂಗಯ್ಯ ಮಹಾರಾಣಿಯ ಬಳಿ ಇದ್ದ ತನ್ನ ಬೊಂಬೆಯನ್ನೇ ಇಸಿದುಕೊಂಡು ಅದರ ಮೇಲೆ ಹೊಸ ಅಚ್ಚು ತೆಗೆದ, ಒತ್ತಿದ, ಸುಟ್ಟ, ತಂದ. ದಳವಾಯಿ ಕಿರುಬೆರಳಷ್ಟಾಗಿದ್ದ.

"ಏನಯ್ಯ, ಇಳಿದುಹೋಗಿದಾನಲ್ಲ?" ಅಂದಳು ಮಹಾರಾಣಿ.

ದಂಡಯಾತ್ರೆಯಲ್ಲಿ ಬಳಲಿದ್ದಾನೆ ಅಂದ ಸಂಪಂಗಯ್ಯ.

ತಂಗಿಯ ಮನೆಗೆ ಇನ್ನೊಂದು ಬೇಕಾಯಿತು. ಆ ಅಚ್ಚೂ ಹೋಗಿತ್ತು. ಮಗಳ ಮನೆಗೆ ಹೊರಡಲಿದ್ದ ಬೊಂಬೆಯ ಮೇಲೇ ಮತ್ತೆ ಅಚ್ಚು ತೆಗೆದ, ಒತ್ತಿದ, ಸುಟ್ಟ, ತಂದ. ದಳವಾಯಿ ಕಿರುಬೆರಳಿಗಿಂತಲೂ ಮೋಟು, ಹೆಬ್ಬೆರಳಷ್ಟಾಗಿದ್ದ. ಹೆಂಡತಿ ಬೈದಳು, ಅದಕ್ಕೇ ಕುಗ್ಗಿದ್ದಾನೆ ಅಂದ.

ನಾದಿನಿಯ ಮನೆಗೂ ಒಂದು ಬೇಕಾಯಿತು. ತಂಗಿಗೆ ಹೊರಡಲಿದ್ದ ಬೊಂಬೆಯ ಮೇಲೆ ಅಚ್ಚು ತೆಗೆದ, ಒತ್ತಿದ, ಸುಟ್ಟ, ತಂದ. ಈ ಸಲ ಹೆಬ್ಬೆರಳಿಗಿಂತಲೂ ಗಿಡ್ಡ. ಇವನು ದಳವಾಯಿಯಲ್ಲ, ದಳವಾಯಿಯ ತಮ್ಮ ಅಂದುಬಿಟ್ಟ. ಮಹಾರಾಣಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅರಮನೆಯ ದಾಸಿಯರು ಆ ಮಾತನ್ನು ಕೆರೆಗೆ ತಂದರು.

ಕೆರೆಯಲ್ಲಿ ನೀರು ತುಂಬುತ್ತಿದ್ದ ಕೆಂಚವ್ವ ಕೇಳಿದಳು. ಕೊಡ ಕೆಳಗಿಟ್ಟಳು. ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಳ್ಳ ಏನು ಮಾಡುತ್ತಿದ್ದಾನೆ ಅಂತ ಅವಳಿಗೆ ತಿಳಿದುಹೋಯಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಓಡಿ ಹೋಗಿ ರಾಜನಿಗೆ ಹೇಳುತ್ತಿದ್ದಿರಿ. ರಾಜ ಕೇಳುತ್ತಿದ್ದನೇ? ಕೆಂಚವ್ವ ಹೇಳಲಿಲ್ಲ. ಹೊಗಳಿದಳು. ಕೆರೆಯಲ್ಲಿ ನಿಂತು ಸಂಪಂಗಯ್ಯನನ್ನು ಹೊಗಳಿದಳು. ಸಂತೆಯಲ್ಲಿ ನಿಂತು ಹೊಗಳಿದಳು. ಅರಮನೆಯ ಹೆಬ್ಬಾಗಿಲಲ್ಲಿ ನಿಂತು ಕಾವಲುಗಾರರ ಮುಂದೆ ಹೊಗಳಿದಳು.

"ಕೈ ಅಂದ್ರೆ ಉಗ್ರಾಣಿಯೋರ ಕೈ ಕಣ್ರಪ್ಪ. ನಾ ಸೋತೆ. ಮಾರ್ನಾಮಿಗೆ ಮೊಳದುದ್ದದ ದಳವಾಯಿ ಮಾಡಿ ಮ್ಯಾಗಲ ಮೆಟ್ಲಲ್ಲೇ ನಿಲ್ಲಿಸ್ತಾರಂತೆ. ಅಂಥದ್ದು ಅವರಿಗಲ್ದೆ ಇನ್ಯಾರಿಗಾಯ್ತದೆ?"

ಸುದ್ದಿ ರಾಜನ ಕಿವಿಗೆ ಬಿತ್ತು. ಮೊದಲು ಬಂದ ಸುದ್ದಿ, ನಂಬಿಬಿಟ್ಟ. ತುಂಬಿದ ಸಭೆಯಲ್ಲಿ ಸಂಪಂಗಯ್ಯನನ್ನು ಕರೆದು, ಮೊಳದುದ್ದದ ದಳವಾಯಿ ಎಂದು ಬರುತ್ತಾನೆ ಅಂತ ಕೇಳಿದ. ಹೆಗಲ ಮೇಲೆ ಶಾಲು, ಸುತ್ತ ಜನ, ಎಲ್ಲರ ಕಣ್ಣೂ ತನ್ನ ಮೇಲೆ. ಆಗುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ಹಬ್ಬಕ್ಕೆ ಬರುತ್ತಾನೆ ಮಹಾಸ್ವಾಮಿ ಅಂದುಬಿಟ್ಟ.

ಅಂದಿದ್ದೇನೋ ಅಂದ, ಮಾಡಬೇಕಲ್ಲ. ಅಚ್ಚಿನ ಎರಡು ಹೋಳನ್ನೂ ದೂರ ದೂರ ಹಿಡಿದು ನಡುವೆ ಮಣ್ಣು ತುಂಬಿದ. ಉದ್ದವಾಗುವ ಬದಲು ಬೊಂಬೆ ದಪ್ಪವಾಯಿತು, ಆವಿಗೆಯಲ್ಲಿ ಢಂ ಅಂತ ಸಿಡಿಯಿತು. ಒಂದರ ತಲೆಯ ಮೇಲೆ ಒಂದು ಬೊಂಬೆ ನಿಲ್ಲಿಸಿ ಮೆತ್ತಿದ. ಮೇಲಿನದು ಜಾರಿ ಅವನ ಕಾಲ ಮೇಲೇ ಬಿತ್ತು. ಅಚ್ಚು ಬಿಸಾಡಿ ಕೈಯಲ್ಲೇ ತಿದ್ದಲು ಕೂತ. ಮೀಸೆ ಇರುವ ಬದನೆಕಾಯಿ ಬಂತು. ದಿಕ್ಕು ತೋಚದೆ ಪುನಃ ಅಚ್ಚಿಗೇ ಶರಣಾದ. ಈ ಸಲವಾದರೂ ಬೆಳೆದಾನು ಅಂತ ಅಚ್ಚಿನ ಮೇಲೆ ಅಚ್ಚು, ಅದರ ಮೇಲೆ ಅಚ್ಚು ತೆಗೆದ. ಮಣ್ಣೂ ಮುಗಿಯಿತು, ದಿನವೂ ಮುಗಿಯಿತು.

ಮಾರ್ನಾಮಿ ಬಂತು. ಅರಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೊಂಬೆ ಕೂರಿಸಿದ್ದರು. ಮೇಲಿನ ಮೆಟ್ಟಿಲು ಖಾಲಿ. ಊರೆಲ್ಲ ನೆರೆದಿತ್ತು. ಗಂಟುಮೂಟೆ ಕಟ್ಟಿಕೊಂಡು ಕೆಂಚವ್ವನೂ ಬಂದು ನಿಂತಿದ್ದಳು. ಸಂಪಂಗಯ್ಯ ರೇಷ್ಮೆ ಬಟ್ಟೆ ಮುಚ್ಚಿದ ಒಂದು ಪೆಟ್ಟಿಗೆ ತಂದಿಟ್ಟ.

"ಮೊಳದುದ್ದದ ದಳವಾಯಿಗೆ ಇಷ್ಟೇ ಪೆಟ್ಟಿಗೆಯೇ?" ಅಂದ ರಾಜ.

ಮಹಾರಾಣಿ ಬಟ್ಟೆ ಸರಿಸಿದಳು. ಒಳಗೆ ಕಡಲೆಕಾಯಿಯಷ್ಟು ದಳವಾಯಿ. ಮೂಗಿಲ್ಲ, ಮೀಸೆಯಿಲ್ಲ, ಮೊದಲು ಮುಖ ಇದ್ದ ಕಡೆ ಒಂದು ಉಬ್ಬು. ಸಭೆ ಬಿದ್ದು ಬಿದ್ದು ನಕ್ಕಿತು. ಕಾವಲುಗಾರರು ಈಟಿಗೆ ಒರಗಿಕೊಂಡು ನಕ್ಕರು.

ರಾಜ ನಗಲಿಲ್ಲ. ಅವನಿಗೆ ಇದೇನೆಂದು ತಿಳಿಯಲಿಲ್ಲ. ಕೆಂಚವ್ವ ಮುಂದೆ ಬಂದಳು. ಮಹಾತಾಯಿ, ಇದುವರೆಗೆ ಬಂದ ದಳವಾಯಿಗಳನ್ನೆಲ್ಲ ಒಂದು ಸಾಲಲ್ಲಿ ನಿಲ್ಲಿಸಿ ಅಂದಳು. ಮಹಾರಾಣಿ ನೆಂಟರು ಹಬ್ಬಕ್ಕೆ ಬರುವಾಗ ತಂದಿದ್ದ ಬೊಂಬೆಗಳನ್ನೂ ತರಿಸಿ ತಾನೇ ನಿಲ್ಲಿಸಿದಳು. ನಡುಬೆರಳು, ಕಿರುಬೆರಳು, ಹೆಬ್ಬೆರಳು, ತಮ್ಮ, ಕಡಲೆಕಾಯಿ. ಇಳಿಜಾರಿನ ಹಾಗೆ ನಿಂತರು ದಳವಾಯಿಗಳು.

"ಹಸಿ ಮಣ್ಣು ಬೆಂದ್ರೆ ಕುಗ್ತದೆ ಬುದ್ಧಿ" ಅಂದಳು ಕೆಂಚವ್ವ. "ಬೆಂದ ಬೊಂಬೆ ಮ್ಯಾಲೆ ಅಚ್ಚು ತೆಗುದ್ರೆ ಅಚ್ಚೂ ಬೆಂದು ಕುಗ್ತದೆ, ಅದ್ರಲ್ಲಿ ಒತ್ತಿದ ಬೊಂಬೆ ಇನ್ನೂ ಕುಗ್ತದೆ. ಕೈಲಿ ತಿದ್ದೋಳು ನಾನು, ಎಷ್ಟೆತ್ರ ಬೇಕೋ ಅಷ್ಟೆತ್ರ ನಿಲ್ಲಿಸ್ತೀನಿ. ಕದ್ದು ಒತ್ತೋನು ಇಳೀತಾನೇ ಹೋಗ್ಬೇಕು, ಏರಕ್ಕಾಗಾಕಿಲ್ಲ. ಇವ್ರೆಲ್ಲರಿಗಿಂತ ಎತ್ತರದೋನು ಒಬ್ಬ ಇದ್ದ. ಅವ್ನು ನನ್ನೋನು. ಅವ್ನನ್ನ ಏನ್ ಮಾಡಿದ್ರು ಅಂತ ಉಗ್ರಾಣಿಯೋರ್ನೇ ಕೇಳಿ."

ರಾಜ ಜೀವನದಲ್ಲಿ ಮೊದಲ ಸಲ ಎರಡನೆಯವರನ್ನೂ ಕೇಳಿದ. ಅರಮನೆಯ ಹೆಂಚಿನವರನ್ನು ಕರೆಸಿದ. ಬೆಂದ ಮಣ್ಣು ಕುಗ್ಗುವುದು ನಿಜ ಅಂದರು ಅವರು. ಉಗ್ರಾಣದಲ್ಲಿ ಹುಡುಕಿಸಿದ. ಒಡೆದ ಅಚ್ಚುಗಳ ರಾಶಿಯೇ ಸಿಕ್ಕಿತು. ಸಂಪಂಗಯ್ಯ ಶಾಲು ತೆಗೆದು ನೆಲಕ್ಕಿಟ್ಟು, ಒರಳಿಗೆ ಹಾಕಿದ್ದನ್ನೂ ಒಪ್ಪಿಕೊಂಡ.

"ತಪ್ಪು ನನ್ನದೂ ಇದೆ ತಾಯಿ" ಅಂದ ರಾಜ. "ನಿನಗೆ ಏನು ಬೇಕು ಕೇಳು."

"ಮಣ್ಣು" ಅಂದಳು ಕೆಂಚವ್ವ.

ತಂದರು. ಸಭೆಯ ನಡುವೆಯೇ ಕೂತಳು. ಮಣ್ಣು ಕೈಗೆ ಸಿಕ್ಕಿದ್ದೇ ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಬೆಂದ ಮೇಲೆ ಮೊಳ ನಿಲ್ಲಲಿ ಅಂತ ಮೊಳಕ್ಕಿಂತ ನಾಲ್ಕು ಬೆರಳು ಹೆಚ್ಚಿಗೆ ಎತ್ತಿದಳು. ಸಿಡಿಯದಿರಲಿ ಅಂತ ಒಳಗೆ ಪೊಳ್ಳು ಬಿಟ್ಟಳು. ಹೆಬ್ಬೆರಳಲ್ಲಿ ಹೊಟ್ಟೆ, ಕಡ್ಡಿಯಲ್ಲಿ ಮೀಸೆ. ಆಮೇಲೆ ಕಣ್ಣು ಅಗಲಿಸಿ ಹೆದರಿದಳು. ನೋಡುತ್ತಿದ್ದ ರಾಜನ ತುಟಿಯೂ ಅವಳ ತುಟಿಯ ಜೊತೆ ನಡುಗಿತು. ದಳವಾಯಿಯ ಮುಖಕ್ಕೆ ಹೆದರಿಕೆ ಇಳಿದಾಗ ಊರು ಹೋ ಅಂತ ಕೂಗಿತು.

ಅವನು ಒಣಗಿ, ಬೆಂದು, ಬಣ್ಣ ಉಟ್ಟು ಬರುವ ತನಕ ಮಹಾರಾಣಿ ಹಬ್ಬ ಮುಗಿದರೂ ಬೊಂಬೆ ಎತ್ತಲಿಲ್ಲ. ಬಂದ ದಿನ ಅಳೆದು ನೋಡಿದರು. ಸರಿಯಾಗಿ ಒಂದು ಮೊಳ. ವಾದ್ಯ ಊದಿಸಿ, ಪಲ್ಲಕ್ಕಿಯಲ್ಲಿ ಕೂರಿಸಿ ಊರೆಲ್ಲ ಮೆರೆಸಿದರು. ಪಕ್ಕದಲ್ಲಿ ಕೆಂಚವ್ವ, ಸಂಪಂಗಯ್ಯ ತೆಗೆದಿಟ್ಟ ಅದೇ ಶಾಲು ಹೊದ್ದು, ಗದ್ದ ಆಕಾಶಕ್ಕೆ ಎತ್ತಿ ನಡೆದಳು. ಏಳೂರಲ್ಲ, ಎಪ್ಪತ್ತೂರಲ್ಲೂ ತನ್ನಂಥವಳಿಲ್ಲ ಅಂತ ಸಾರಿಕೊಂಡು ಹೋದಳು. ಈ ಸಲ ಯಾರೂ ಅಲ್ಲ ಅನ್ನಲಿಲ್ಲ.

ಸಂಪಂಗಯ್ಯನನ್ನು ಊರು ಬಿಡಿಸುತ್ತೇನೆ ಅಂದ ರಾಜ. ಬೇಡ ಅಂದಳು ಅವಳು. ಬೊಂಬೆಯ ಮೇಲೆ ಅಷ್ಟು ಆಸೆ ಇದ್ದವರು ತನ್ನ ಹಿತ್ತಲಲ್ಲಿ ಮಣ್ಣು ತುಳಿಯಲಿ, ಮೆಟ್ಟಿ ಮೆಟ್ಟಿ ಮಣ್ಣಿನ ಗುಣ ಕಲಿಯಲಿ ಅಂದಳು. ಆಟದ ಮೇಳದವರು ಮುಂದಿನ ವರ್ಷ ಬಂದಾಗ ಒಂದು ಹೊಸ ವೇಷ ಕಟ್ಟಿದರು. ಕೈಯಲ್ಲಿ ಪೆಟ್ಟಿಗೆ ಹಿಡಿದ ಉಗ್ರಾಣಿ. ರಂಗಕ್ಕೆ ಬಂದಾಗಲೆಲ್ಲ ಹೋದ ಸಲಕ್ಕಿಂತ ಗಿಡ್ಡನಾಗಿ ಬರುವನು. ಕೆಂಚವ್ವ ಅವನ ಬೊಂಬೆಯನ್ನೂ ಮಾಡಿದಳು. ಆ ಬೊಂಬೆಗಳಿಗೆ ಮಣ್ಣು ತುಳಿದವನು ಸಂಪಂಗಯ್ಯನೇ.

ಇನ್ನೊಬ್ಬರ ಕೈ ಮಾಡಿದ್ದನ್ನು ಕದ್ದು ನನ್ನದು ಅಂದವನಿಗೆ ಒಂದು ದಿನ ಶಾಲು ಸಿಗಬಹುದು, ಕೈ ಸಿಗುವುದಿಲ್ಲ. ಮುಂದಿನದನ್ನು ಮಾಡು ಅಂದ ದಿನ ಸಿಕ್ಕಿಬೀಳುತ್ತಾನೆ. ಆದ್ದರಿಂದ ಕದಿಯಬೇಡಿ, ಕಲಿಯಿರಿ. ಕಥೆ ಇಲ್ಲಿಗೆ ಬೆಂದು ತಣ್ಣಗಾಯಿತು, ಎದ್ದು ಹೋಗಿ ಕೈ ತೊಳೆದುಕೊಂಡು ಊಟ ಮಾಡಿ.