ಕಾಡುಮೈನಾದ ಹೆಡತಲೆಯ ಅರಿಶಿನ

ಲೋಕ ಇನ್ನೂ ಹೊಸದಾಗಿತ್ತು. ಹೊಳೆಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಗಾಳಿಯನ್ನು ಕೇಳಿಕೊಂಡು ಹರಿಯುತ್ತಿದ್ದವು. ಆಗ ಗೊರವಂಕ ಅಕ್ಕ, ಕಾಡುಮೈನಾ ತಂಗಿ. ಇಬ್ಬರೂ ಒಂದೇ ಪೊಟರೆಯಲ್ಲಿದ್ದರು. ಇಬ್ಬರ ಮೈಮೇಲೂ ಹಳದಿ ಒಂದು ಚುಕ್ಕೆಯಷ್ಟೂ ಇರಲಿಲ್ಲ.

ಅಕ್ಕನಿಗೆ ಮದುವೆ ಗೊತ್ತಾಯಿತು.

ಕಾಡಿಗೆಲ್ಲ ಅದೇ ಮಾತು. ಅಕ್ಕನ ಮೈಬಣ್ಣ ಎಷ್ಟು ಚೆಂದ ಎಂದಿತು ಹೊಳೆ. ಅಕ್ಕನ ಗುಣ ಎಷ್ಟು ಚೆಂದ ಎಂದಿತು ಗಾಳಿ. ತಂಗಿಯ ಗರಿ ಮಿರಮಿರ ಮಿಂಚುತ್ತಿತ್ತು. ಯಾರ ದನಿಯನ್ನಾದರೂ ಅವಳು ಹಾಗೇ ಆಡಿ ತೋರಿಸುತ್ತಿದ್ದಳು. ಆದರೆ ಆ ದಿನ ಅವಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಹಸಿಮೆಣಸಿನಕಾಯಿ ನುಂಗಿದ ಹಾಗೆ ಅವಳ ಹೊಟ್ಟೆ ಉರಿಯಿತು.

ಅರಿಶಿನ ಅರೆಯುವವಳು ಮಂಗಟ್ಟೆ ಅಜ್ಜಿ. ಅಜ್ಜಿಯ ಕೊಕ್ಕು ದೊಡ್ಡದು, ಕಣ್ಣು ಮಾತ್ರ ಮಂಜು. ಅವಳು ಅಕ್ಕನ ಕೊಕ್ಕಿಗೆ, ಕಾಲಿಗೆ, ಕಣ್ಣಿನ ಸುತ್ತ ಅರಿಶಿನ ಹಚ್ಚಿದಳು. ಇದು ಒಣಗಲಿ, ಆಮೇಲೆ ಇನ್ನೊಂದು ಸುತ್ತು ಹಚ್ಚುತ್ತೇನೆ ಎಂದು ಬಿಸಿಲಿಗೆ ಕಳಿಸಿದಳು.

ತಂಗಿ ನನಗೆ ಎಲ್ಲಿ ಎಂದು ಕೇಳಿದಳು. ಮದುಮಗಳಿಗೆ ಹಚ್ಚಿ ಮಿಕ್ಕಿದ್ದನ್ನು ಮದುವೆಯಾಗದ ಹುಡುಗಿಯರಿಗೆ ಹಚ್ಚುವುದು ಪದ್ಧತಿ, ಆಗ ಅವರಿಗೂ ಬೇಗ ಗಂಡು ಸಿಗುತ್ತಾನೆ, ಸ್ವಲ್ಪ ತಾಳು ಎಂದಳು ಅಜ್ಜಿ.

ಮಿಕ್ಕಿದ್ದು. ಯಾವಾಗಲೂ ಮಿಕ್ಕಿದ್ದು. ಅಕ್ಕ ತಿಂದು ಬಿಟ್ಟ ಹಣ್ಣು, ಅಕ್ಕ ಮಲಗಿ ಎದ್ದ ಜಾಗ, ಈಗ ಅಕ್ಕನ ಅರಿಶಿನ.

ತಂಗಿ ಪೊದೆಯ ಹಿಂದೆ ಹೋದಳು. ಈಚೆ ಬಂದಾಗ ಅವಳ ದನಿ ಅಕ್ಕನದಾಗಿತ್ತು.

"ಅಜ್ಜಿ, ಒಣಗಿತು. ಇನ್ನೊಂದು ಸುತ್ತು ಹಚ್ಚಿಬಿಡು."

"ಇಷ್ಟು ಬೇಗನಾ ಮಗಳೇ?"

"ಬಿಸಿಲು ಜೋರಿದೆ. ಎಲ್ಲ ಹಚ್ಚು ಅಜ್ಜಿ, ಒಂದಿಷ್ಟೂ ಉಳಿಸಬೇಡ."

ಅಜ್ಜಿ ಬಟ್ಟಲು ಬಳಿದು ಬಳಿದು ಹಚ್ಚಿದಳು. ಕೊಕ್ಕಿಗಾಯಿತು, ಕಾಲಿಗಾಯಿತು, ಕಣ್ಣಿನ ಕೆಳಗಿಂದ ಹೆಡತಲೆಯವರೆಗೂ ಆಯಿತು. ಕೊನೆಯ ಮುದ್ದೆ ಹೆಡತಲೆಯಲ್ಲೇ ಜೋತುಬಿತ್ತು.

ತಂಗಿ ಎತ್ತರದ ಮರದ ತುದಿಗೆ ಹಾರಿ ಕೂತಳು. ಈಗ ನೋಡಲಿ ಎಲ್ಲರೂ.

ಅಷ್ಟರಲ್ಲಿ ಕೆಳಗೆ ಅಕ್ಕ ಬಂದಳು. "ಅಜ್ಜಿ, ನನಗೆ ಇಷ್ಟೇ ಸಾಕು. ಬಟ್ಟಲಲ್ಲಿರುವುದನ್ನೆಲ್ಲ ತಂಗಿಗೆ ಹಚ್ಚು. ಬೆಳಗಿನಿಂದ ಅವಳ ಮುಖ ಸಣ್ಣದಾಗಿದೆ."

ಅಜ್ಜಿ ಖಾಲಿ ಬಟ್ಟಲು ತೋರಿಸಿದಳು. ಅಕ್ಕ ತಲೆಯೆತ್ತಿ ನೋಡಿದಳು. ಬೈಯಲಿಲ್ಲ. "ಇಳಿದು ಬಾರೇ," ಎಂದಳು.

ತಂಗಿ ಇಳಿಯಲಿಲ್ಲ. ಅರ್ಧ ನಾಚಿಕೆ. ಇನ್ನರ್ಧ ಏನೆಂದರೆ, ಅಲ್ಲಿಂದ ನೋಡಿದರೂ ಅಕ್ಕನ ಕಣ್ಣಿನ ಸುತ್ತಲ ಹಳದಿಯೇ ಹೆಚ್ಚು ಚೆಂದ ಕಂಡಿತು.

ಮುಂದೆ ಅವಳ ಮಕ್ಕಳು ಮರದಿಂದ ಮರಕ್ಕೆ ಹಾರುತ್ತಾ ದೂರ ದೂರ ಹೋದರು. ಪೂರ್ವದ ಕಾಡಿಗೆ ಹೋದವರ ಅರಿಶಿನ ಕಣ್ಣಿನಿಂದ ಹೆಡತಲೆಯವರೆಗೆ ಒಂದೇ ಪಟ್ಟಿಯಾಗಿ ಉಳಿಯಿತು. ನಮ್ಮ ಘಟ್ಟದವರದನ್ನು ಮಳೆ ನಡುವೆ ತೊಳೆದು ಎರಡು ತುಂಡು ಮಾಡಿತು. ಸಮುದ್ರ ದಾಟಿ ಲಂಕೆಗೆ ಹೋದವರ ಮುಖದ್ದೆಲ್ಲ ಹೋಗಿ, ಹೆಡತಲೆಯದ್ದಷ್ಟೇ ಉಳಿಯಿತು. ನಿನಗೇ ಜಾಸ್ತಿ, ನಿನಗೇ ಜಾಸ್ತಿ ಎಂದು ಅವರವರಲ್ಲೇ ಜಗಳ.

ಅದಕ್ಕೇ ಪುಟ್ಟಿ, ಗೊರವಂಕ ನಮ್ಮ ಅಂಗಳದಲ್ಲೇ ಹೆಜ್ಜೆ ಹಾಕುತ್ತಾ ಓಡಾಡುತ್ತದೆ. ಕಾಡುಮೈನಾ ಮಾತ್ರ ಹೆಡತಲೆಯಲ್ಲಿ ಹಳದಿ ಜೋತುಹಾಕಿಕೊಂಡು, ಎಷ್ಟು ಕರೆದರೂ ನೆಲಕ್ಕಿಳಿಯದೆ, ಮರದ ತುದಿಯಲ್ಲೇ ಕೂತಿರುತ್ತದೆ.