ಲೆನ್ಸಿಗೆ ಸವರಿದ ಎಣ್ಣೆ

ನಮ್ಮ ಬೀದಿಯ ಸ್ಟುಡಿಯೋದಲ್ಲಿ ಮೈಲಾರಪ್ಪ ಮೂವತ್ತು ವರ್ಷ ಒಂದೇ ಕ್ಯಾಮೆರಾ ಒರೆಸಿದವನು. ಮೇಲಿಂದ ಬಗ್ಗಿ ನೋಡುವ, ಅಗಲ ರೀಲಿನ ಹಳೇ ಕ್ಯಾಮೆರಾ. ಹೆಂಡತಿಯನ್ನೂ ಅಷ್ಟು ಜೋಪಾನ ಮಾಡಿರಲಿಲ್ಲ ಬಿಡಿ. ಯಜಮಾನ ಸತ್ತ ಮೇಲೆ ಸಾವ್ಕಾರ ವಿರೂಪಣ್ಣ ಬಂದ. "ನಮ್ಮನೆ ಷೋಕೇಸಿಗೆ ಬೇಕು, ತಾರೋ" ಅಂದ. ಯಜಮಾನಿ ಕೊಟ್ರಮ್ಮ ಹೂಂ ಅಂದುಬಿಟ್ಟಳು.

ಷೋಕೇಸಲ್ಲಿ ಧೂಳು ತಿಂದು ಹಾಳಾಗುತ್ತಲ್ಲ ಅಂತ ಮೈಲಾರಪ್ಪ ಎಣ್ಣೆ ಹಚ್ಚಿದ ತಲೆ ಕೆರೆದುಕೊಂಡ. ಆ ಎಣ್ಣೆ ಬೆರಳನ್ನೇ ಲೆನ್ಸಿಗೆ ಸವರಿ ಮುಂದಿಟ್ಟ. ದೇವರಿಗೂ ಬಗ್ಗದ ಸಾವ್ಕಾರ ಬಗ್ಗಿ ನೋಡಿದರೆ ಬರೀ ಮಂಜು.

"ಬೂಷ್ಟು ಹಿಡಿದಿದೆ ಸಾವ್ಕಾರ್ರೇ. ಪಕ್ಕದಲ್ಲಿಟ್ಟಿದ್ದಕ್ಕೂ ಹತ್ತುತ್ತೆ."

ಸಾವ್ಕಾರ ಪಂಚೆಗೆ ಕೈ ಒರೆಸಿಕೊಂಡು ನಡೆದ.

ಮಾರನೇ ಬೆಳಿಗ್ಗೆ ಮೈಲಾರಪ್ಪ ಎಣ್ಣೆ ತೆಗೆಯಲು ಮೆತ್ತನೆ ಬಟ್ಟೆ ತಂದ. ಕ್ಯಾಮೆರಾ ಇರಲಿಲ್ಲ.

"ಉಳಿದ ಕ್ಯಾಮೆರಾಗಳಿಗೂ ಹತ್ತುತ್ತೆ ಅಂದ್ಯಲ್ಲಪ್ಪಾ, ಗುಜರಿಯವನ ಕೈಲಿ ಒಡೆಸಿಬಿಟ್ಟೆ" ಅಂದಳು ಕೊಟ್ರಮ್ಮ. "ನೀನು ಸುಳ್ಳು ಹೇಳೋನಲ್ಲ."

ಮೈಲಾರಪ್ಪ ಆ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡ.